ಫಿನ್ಲೆಂಡಿನ ಶಾಲೆಗೆ ಮಕ್ಕಳನ್ನು ಸೇರಿಸುವ ಮುನ್ನ

ನಾನು ಬೆಂಗಳೂರಿನ ಜಯನಗರದ ಶಾಲೆಯೊಂದರಲ್ಲಿ ಗಣಿತದ ಟೀಚರ್. ಶಿಕ್ಷಕರ ವಿನಿಮಯ ಕಾರ್ಯಕ್ರಮದಲ್ಲಿ ಫಿನ್ಲೆಂಡಿನ ಎಸ್ಪೂ ನಗರದ ಶಾಲೆಗಳನ್ನು ನೋಡಿ ಬಂದಾಗಿನಿಂದ, ಐಟಿ ಕೆಲಸಕ್ಕೆಂದು ಸಂಸಾರ ಸಮೇತ ಅಲ್ಲಿಗೆ ಹೊರಟ ನಮ್ಮ ಪೋಷಕರು ಕೇಳುವುದು ಇದನ್ನೇ: ಯಾವ ಸ್ಕೂಲು ಒಳ್ಳೆಯದು, ಫೀಸು ಎಷ್ಟು, ಈಗಲೇ ಸೀಟು ಹಿಡಿಯಬೇಕಾ?

ಸೀಟು ಹಿಡಿಯುವ ಓಡಾಟ ಬೇಡ. ನೀವು ಮನೆ ಮಾಡಿದ ಜಾಗ ನೋಡಿ ನಗರಾಡಳಿತವೇ ಹತ್ತಿರದ ಶಾಲೆ ಗೊತ್ತು ಮಾಡುತ್ತದೆ. ಫೀಸಿಲ್ಲ, ಪುಸ್ತಕಕ್ಕೆ ದುಡ್ಡಿಲ್ಲ, ಯೂನಿಫಾರ್ಮ್ ಇಲ್ಲ. ಮಧ್ಯಾಹ್ನದ ಬಿಸಿಯೂಟ 1948ರಿಂದಲೂ ಎಲ್ಲ ಮಕ್ಕಳಿಗೂ ಉಚಿತ. ಸಸ್ಯಾಹಾರಿಗಳಾದರೆ ಮೊದಲ ವಾರವೇ ಶಾಲೆಗೆ ಹೇಳಿಬಿಡಿ. ಒಂದನೇ ತರಗತಿ ಶುರುವಾಗುವುದು ಮಗುವಿಗೆ 7 ತುಂಬುವ ವರ್ಷ. ಫಿನ್ನಿಶ್ ಬಾರದ ಮಕ್ಕಳಿಗೆ ಸುಮಾರು ಒಂದು ವರ್ಷದ ಪೂರ್ವತಯಾರಿ ತರಗತಿ ಇರುತ್ತದೆ. ಅದರಿಂದ ಮಗು ಹಿಂದೆ ಬೀಳುತ್ತದೆ ಅಂತ ಹೆದರಬೇಡಿ. ಭಾಷೆ ಕೈಗೆ ಸಿಗದೆ ಗಣಿತವೂ ತಲೆಗೆ ಹತ್ತುವುದಿಲ್ಲ.

ಟೆಕ್ನಾಲಜಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮಲ್ಲಿ ಸ್ಮಾರ್ಟ್ ಬೋರ್ಡ್ ಇದ್ದರೆ ಅಡ್ಮಿಷನ್ ಬ್ರೋಷರಿನ ಮೊದಲ ಪುಟದಲ್ಲೇ ಅದರ ಫೋಟೋ, ಅಲ್ವಾ? ಅಲ್ಲಿ ಲ್ಯಾಪ್‌ಟಾಪ್ ಬೇಕಾದಾಗ ಕಪಾಟಿನಿಂದ ಹೊರಗೆ ಬರುತ್ತದೆ, ಕೆಲಸ ಮುಗಿದರೆ ವಾಪಸ್ ಹೋಗುತ್ತದೆ. 2016ರ ಪಠ್ಯಕ್ರಮದಿಂದ ಕೋಡಿಂಗ್ ಚಿಕ್ಕ ತರಗತಿಗಳಿಗೂ ಬಂದಿದೆ, ಆದರೆ ಅದಕ್ಕೆ ಬೇರೆ ಪೀರಿಯಡ್ ಇಲ್ಲ, ಗಣಿತದ ಜೊತೆಗೇ ಕಲಿಸುತ್ತಾರೆ. ಇಷ್ಟರ ಮಧ್ಯೆ ಹುಡುಗ ಹುಡುಗಿ ಅನ್ನದೆ ಎಲ್ಲರೂ ಹೊಲಿಗೆ, ಮರಗೆಲಸ ಕಲಿಯಲೇಬೇಕು. ನನಗೆ ತುಂಬಾ ಹಿಡಿಸಿದ್ದು ಇದೇ. 2025ರ ಆಗಸ್ಟಿನಿಂದ, ಟೀಚರ್ ಒಪ್ಪದೆ ಪಾಠದ ಹೊತ್ತಿನಲ್ಲಿ ಮೊಬೈಲ್ ಮುಟ್ಟುವಂತಿಲ್ಲ ಎಂದು ಕಾನೂನೇ ಬಂದಿದೆ. ನಮ್ಮ ಪಿಯುಸಿ ಮಟ್ಟದ ಕೊನೆಯ ಪರೀಕ್ಷೆಯನ್ನಂತೂ 2019ರ ಹೊತ್ತಿಗೆ ಪೂರ್ತಿ ಕಂಪ್ಯೂಟರಿಗೆ ತಂದರು, ಗಣಿತವೂ ಸೇರಿ. ಮಕ್ಕಳು ತಮ್ಮದೇ ಲ್ಯಾಪ್‌ಟಾಪ್ ತರುತ್ತಾರೆ, ಪರೀಕ್ಷೆ ಮುಗಿಯುವವರೆಗೆ ಅದಕ್ಕೆ ಇಂಟರ್ನೆಟ್ ಸಿಗದಂತೆ ವ್ಯವಸ್ಥೆ ಇರುತ್ತದೆ.

ಪೋಷಕರಾಗಿ ನೀವು ದಿನಾ ನೋಡಬೇಕಾದ್ದು ವಿಲ್ಮಾ ಎಂಬ ಆ್ಯಪ್. ಹೆಚ್ಚಿನ ಊರುಗಳಲ್ಲಿ ಹಾಜರಿ, ಪರೀಕ್ಷೆಯ ತಾರೀಖು, ಅಂಕ, ಟೀಚರ್ ಬರೆದ ಸಂದೇಶ ಎಲ್ಲ ಅದರಲ್ಲೇ. ಮಗುವಿಗೆ ಜ್ವರ ಬಂದರೆ ಬೆಳಿಗ್ಗೆಯೇ ಅಲ್ಲಿ ಬರೆಯಿರಿ. ಸಂದೇಶ ಫಿನ್ನಿಶ್‌ನಲ್ಲಿದ್ದರೆ ಅನುವಾದದ ಆ್ಯಪಿಗೆ ಹಾಕಿ ಓದಿ, ಅರ್ಥವಾಗದಿದ್ದರೆ ನೇರವಾಗಿ ಟೀಚರನ್ನೇ ಕೇಳಿ. ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಡೈರಿಯಲ್ಲಿ ದಿನಾ ಸಹಿ ಕೇಳುವ ಪದ್ಧತಿಯಿಂದ ಬಂದವರಿಗೆ ಅಲ್ಲಿನ ಶಾಲೆ ನಮ್ಮನ್ನು ಕೇರೇ ಮಾಡುತ್ತಿಲ್ಲ ಅನ್ನಿಸಬಹುದು. ಹಾಗಲ್ಲ, ಮಗು ತನ್ನ ಕೆಲಸ ತಾನು ನೋಡಿಕೊಳ್ಳುತ್ತದೆ ಅಂತ ಅವರು ನಂಬುತ್ತಾರೆ. ಏಳೆಂಟು ವರ್ಷದ ಮಕ್ಕಳು ಒಬ್ಬರೇ ನಡೆದು ಶಾಲೆಗೆ ಬರುತ್ತಾರೆ, ಟೀಚರನ್ನು ಹೆಸರು ಹಿಡಿದೇ ಕರೆಯುತ್ತಾರೆ. ಮಿಸ್, ಸರ್ ಅನ್ನುತ್ತಾ ಬೆಳೆದ ನಮ್ಮ ಮಕ್ಕಳಿಗೆ ಮೊದಮೊದಲು ಮುಜುಗರ ಆಗುತ್ತದೆ, ಮನೆಯಲ್ಲೇ ಮುಂಚೆ ಹೇಳಿ ಕಳಿಸಿ.

ಪಾಠಗಳ ನಡುವೆ ಸಾಮಾನ್ಯವಾಗಿ 15 ನಿಮಿಷ ಬಿಡುವು, ಹಿಮ ಬೀಳುತ್ತಿದ್ದರೂ ಮಕ್ಕಳು ಅಂಗಳಕ್ಕೆ ಹೋಗುತ್ತಾರೆ. ಬೆಂಗಳೂರಿನಲ್ಲಿ ಸ್ವೆಟರಿಗೆ ದುಡ್ಡು ಸುರಿಯಬೇಡಿ. ಅಲ್ಲಿಗೆ ಹೋದ ಮೇಲೆ ನೀರು ಒಳಗೆ ಇಳಿಯದ ಪ್ಯಾಂಟು, ದಪ್ಪ ಗ್ಲೌಸು, ಬೂಟು ಕೊಳ್ಳಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮನೆಮಾತನ್ನೂ ಶಾಲೆಯ ಮೂಲಕ ಕಲಿಸುವ ಅವಕಾಶ ಅಲ್ಲಿದೆ, ವಾರಕ್ಕೆ ಸುಮಾರು 2 ಗಂಟೆ. ಶುರುವಿನಲ್ಲಿ ಕನಿಷ್ಠ 4 ಮಕ್ಕಳಿದ್ದರೆ ಊರಿನ ಆಡಳಿತಕ್ಕೆ ಸರ್ಕಾರದ ಹಣ ಸಿಗುತ್ತದೆ. ಕಡ್ಡಾಯವಲ್ಲ, ಹಾಗಾಗಿ ಕೇಳದೆ ಬರುವುದಿಲ್ಲ. ಸೇರಿಸುವಾಗ ಮಗುವಿನ ಮಾತೃಭಾಷೆ ಅನ್ನುವ ಜಾಗದಲ್ಲಿ ಇಂಗ್ಲಿಷ್ ಅಂತ ಬರೆಯಬೇಡಿ, ಕನ್ನಡ ಅಂತಲೇ ಬರೆಯಿರಿ. ಆಮೇಲೆ ಊರಿನಲ್ಲಿರುವ ಇನ್ನು ಮೂರು ಕನ್ನಡದ ಮನೆಯವರನ್ನು ಹುಡುಕಿ, ಒಟ್ಟಿಗೆ ನಗರದ ಶಿಕ್ಷಣ ಇಲಾಖೆಗೆ ಅರ್ಜಿ ಕೊಡಿ.