ಹಳೆ ಮೋಟರ್‌ಹೋಮ್ ಸ್ಟಾರ್ಟ್ ಆಗದಿದ್ದರೆ: ಕಾರ್ಬ್ಯುರೇಟರ್‌ಗೆ ಕೈ ಹಾಕುವ ಮೊದಲು

ನಮ್ಮ ಮನೆ ಮುಂದೆ ನಿಂತಿರುವುದು 1976ರ ಜಿಎಂಸಿ ಮೋಟರ್‌ಹೋಮ್. 26 ಅಡಿ ಉದ್ದ, ಒಳಗೆ ಅಡುಗೆಮನೆ, ಮಂಚ, ಮುಂದೆ 455 ಕ್ಯೂಬಿಕ್ ಇಂಚಿನ ಓಲ್ಡ್ಸ್‌ಮೊಬೈಲ್ ವಿ8 ಎಂಜಿನ್, ಅಂದರೆ ಸುಮಾರು ಏಳೂವರೆ ಲೀಟರ್. ಈ ಗಾಡಿಗಳನ್ನು 1973ರಿಂದ 1978ರವರೆಗೆ ಮಾತ್ರ ಮಾಡಿದರು. ಅಮೆರಿಕಕ್ಕೆ ಬಂದು ಬೇರೆಯವರೆಲ್ಲ ಟೆಸ್ಲಾ ತೆಗೆದುಕೊಂಡರೆ ನಾನು ಇದನ್ನು ತೆಗೆದುಕೊಂಡೆ. ಓಡಿದರೆ ರಾಜ, ನಿಂತರೆ ಐದು ಟನ್ ಬಂಡೆ.

ಮೊದಲು ಒಂದು ಮಾತು. ಇದರ ಎಂಜಿನ್ ಮುಚ್ಚಳ ಇರುವುದು ಗಾಡಿಯ ಒಳಗೆ, ಡ್ರೈವರ್ ಸೀಟಿನ ಪಕ್ಕದ ನೆಲದಲ್ಲಿ. ಅದನ್ನು ತೆಗೆದರೆ ಪೆಟ್ರೋಲ್ ಆವಿ ನೇರ ಮನೆಯೊಳಗೇ ಬರುತ್ತದೆ, ಹಿಂದುಗಡೆ ಫ್ರಿಜ್ಜಿನ ಪೈಲಟ್ ಜ್ವಾಲೆ ಸುಮ್ನೆ ಉರಿಯುತ್ತಾ ಇರುತ್ತದೆ. ಹಾಗಾಗಿ ಅಡುಗೆ ಗ್ಯಾಸ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಇಲ್ಲಿ ಪೆಟ್ರೋಲಿಗೂ ಗ್ಯಾಸ್ ಅಂತಾರೆ. ಆ ಗ್ಯಾಸೂ ಈ ಗ್ಯಾಸೂ ಭೇಟಿ ಆಗಬಾರದು, ಅಷ್ಟೇ.

ಈಗ ಕೀ ತಿರುಗಿಸಿ, ಕಿವಿಗೊಡಿ. ಬರೀ ಟಕ್ ಅಂದು ಸುಮ್ಮನಾದರೆ ಪೆಟ್ರೋಲಿನ ಯೋಚನೆ ಬಿಡಿ, ಅದು ಕರೆಂಟಿನ ತೊಂದರೆ. ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಬ್ಯಾಟರಿ ಚೆನ್ನಾಗಿದ್ದೂ ಸೋಮಾರಿಯಂತೆ ತಿರುಗಿದರೆ ಕೇಬಲ್ ತುದಿಗಳನ್ನು ಬಿಚ್ಚಿ ಉಜ್ಜಿ, ಅರ್ಥ್ ಕೇಬಲ್ ಮರೆಯಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಬೂಸ್ಟ್ ಸ್ವಿಚ್ ಇದೆ, ಒತ್ತಿ ಹಿಡಿದರೆ ಗಾಡಿಯೊಳಗಿನ ಮನೆಯ ಬ್ಯಾಟರಿಯೂ ಸ್ಟಾರ್ಟರ್‌ಗೆ ಕೈ ಜೋಡಿಸುತ್ತದೆ.

ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಟಾರ್ಚ್ ತೆಗೆದುಕೊಳ್ಳಿ. ಎಂಜಿನ್ ಆಫ್ ಇರಲಿ. ಏರ್ ಕ್ಲೀನರ್ ಎತ್ತಿದರೆ ಕೆಳಗೆ ಕಾಣುವುದು ಕಾರ್ಬ್ಯುರೇಟರ್, ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ. ಅದರ ಬಾಯಿ ಮುಚ್ಚುವ ಚೋಕ್ ತಗಡನ್ನು ಬೆರಳಲ್ಲಿ ತೆರೆದು, ಒಳಗೆ ನೋಡುತ್ತಾ ಥ್ರಾಟಲ್ ಕಡ್ಡಿಯನ್ನು ಕೈಯಿಂದಲೇ ಎಳೆಯಿರಿ. ಸೂಜಿಯಷ್ಟು ಸಣ್ಣ ಎರಡು ಪೆಟ್ರೋಲ್ ಧಾರೆ ಚಿಮ್ಮಬೇಕು. ಚಿಮ್ಮಿದರೆ ಒಳಗೆ ಪೆಟ್ರೋಲ್ ಇದೆ, ಅದನ್ನು ಹೊತ್ತಿಸುವ ಸ್ಪಾರ್ಕ್ ಬರುತ್ತಿದೆಯೇ ನೋಡಿ. ಚಿಮ್ಮದಿದ್ದರೆ ಮುಂದೆ ಓದಿ.

ಮೂರು ವಾರ ನಿಂತ ಗಾಡಿಯಾದರೆ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು ಆರಿ ಹೋಗಿರುವ ಸಾಧ್ಯತೆಯೇ ಜಾಸ್ತಿ. ಇದರಲ್ಲಿರುವುದು ರೋಚೆಸ್ಟರ್ ಕ್ವಾಡ್ರಾಜೆಟ್, ಬಟ್ಟಲೇ ಚಿಕ್ಕದು. ಅದನ್ನು ತುಂಬಿಸಲು ಅರ್ಧ ನಿಮಿಷ ಸ್ಟಾರ್ಟರ್ ಅರೆದು ಬ್ಯಾಟರಿ ಕೊಲ್ಲಬೇಡಿ. ಮೂತಿ ಇರುವ ಸಣ್ಣ ಬಾಟಲಿಯಲ್ಲಿ ನೂರು ಮಿಲಿ ಪೆಟ್ರೋಲ್ ತೆಗೆದುಕೊಂಡು, ಕಾರ್ಬ್ಯುರೇಟರ್ ಮೇಲೆ ನಿಂತಿರುವ, ಬಟ್ಟಲಿಗೆ ಇಳಿಯುವ ಗಾಳಿ ಕೊಳವೆಯಲ್ಲಿ ನಿಧಾನ ಬಿಡಿ. ಬಾಟಲಿ ಮುಚ್ಚಿ ದೂರ ಇಟ್ಟು, ಏರ್ ಕ್ಲೀನರ್ ಕೂರಿಸಿ, ಪೆಡಲ್ ಎರಡು ಸಲ ಒತ್ತಿ, ಆಮೇಲೆ ಕೀ. ಇನ್ನೊಬ್ಬರು ಸ್ಟಾರ್ಟ್ ಮಾಡುತ್ತಿರುವಾಗ ಕಾರ್ಬ್ಯುರೇಟರ್ ಬಾಯಿಗೆ ಪೆಟ್ರೋಲ್ ಸುರಿಯುವ ಸಾಹಸ ಬೇಡ, ಬ್ಯಾಕ್‌ಫೈರ್ ಆಗಿ ಬೆಂಕಿ ಹಿಂದಕ್ಕೆ ಚಿಮ್ಮಿದರೆ ಹುಬ್ಬು ಹೋಗುತ್ತದೆ, ಅದೂ ಅದೃಷ್ಟ ಇದ್ದರೆ.

ಹತ್ತಿಕೊಂಡು ಒಂದು ನಿಮಿಷಕ್ಕೆ ಮತ್ತೆ ಸತ್ತರೆ? ಎಲ್ಲರೂ ಎಡವುವುದು ಇಲ್ಲೇ. ನಾನೂ ಎಡವಿದೆ. ಕಾರ್ಬ್ಯುರೇಟರ್ ಕಿಟ್ ತಂದು, ಶನಿವಾರ ಪೂರ್ತಿ ಊಟದ ಮೇಜಿನ ಮೇಲೆ ಅದನ್ನು ಬಿಚ್ಚಿ ಜೋಡಿಸಿ, ಮನೆಯವಳ ಕೈಲಿ ಬೈಸಿಕೊಂಡು, ಭಾನುವಾರ ಮತ್ತೆ ಅದೇ ಕಥೆ. ತಪ್ಪಿದ್ದದ್ದು ಟ್ಯಾಂಕಿನ ಮೇಲಿನ ಒಂದು ಗೇಣು ರಬ್ಬರ್ ಹೋಸ್. ಬಗ್ಗಿಸಿದಾಗ ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರುಕು. ಒಂದು ಹನಿಯೂ ಸೋರಿರಲಿಲ್ಲ! ಪಂಪ್ ಇರುವುದು ಮುಂದೆ ಎಂಜಿನ್ ಮೇಲೆ, ಟ್ಯಾಂಕ್ ಎರಡೂ ಹಿಂದೆ, ಅದು ಅಷ್ಟು ದೂರದಿಂದ ಪೆಟ್ರೋಲನ್ನು ಹೀರಬೇಕು. ಸ್ಟ್ರಾ ನಡುವೆ ತೂತಿದ್ದರೆ ಎಳನೀರು ಬಾಯಿಗೆ ಬರುತ್ತದಾ? ಗಾಳಿಯೇ ಬರುವುದು. ಆ ಕಾಲದ ರಬ್ಬರು ಈಗಿನ ಹತ್ತು ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲಿಗೆ ಮಾಡಿದ್ದೂ ಅಲ್ಲ.

ಪತ್ತೆ ಮಾಡುವುದು ಹೀಗೆ. ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ ಬ್ಯಾಟ್ (BAT) ಎಂದು ಬರೆದಿರುವ ವೈರ್ ಕಿತ್ತಿಡಿ, ಸ್ಪಾರ್ಕ್ ಬರಬಾರದು. ಕಾರ್ಬ್ಯುರೇಟರ್‌ಗೆ ಬರುವ ಪೈಪ್ ಬಿಚ್ಚಿ, ಅದಕ್ಕೆ ಹೋಸ್ ಸಿಕ್ಕಿಸಿ, ತುದಿಯನ್ನು ಗಾಡಿಯ ಹೊರಗಿಟ್ಟ ಡಬ್ಬಕ್ಕೆ ಬಿಟ್ಟು ಸ್ಟಾರ್ಟರ್ ತಿರುಗಿಸಿ. ಅರ್ಧ ನಿಮಿಷಕ್ಕೆ ಹೆಚ್ಚುಕಡಿಮೆ ಅರ್ಧ ಲೀಟರ್ ಬರಬೇಕು. ಬರದಿದ್ದರೆ ಪಂಪಿನ ಹೀರುವ ಪೈಪನ್ನು ಬಿಚ್ಚಿ, ಪೆಟ್ರೋಲ್ ಇರುವ ಕ್ಯಾನಿಗೆ ಗಿಡ್ಡ ಹೋಸಿನಿಂದ ಜೋಡಿಸಿ ಮತ್ತೆ ನೋಡಿ. ಈಗ ಬಂದರೆ ಪಂಪ್ ಸರಿ ಇದೆ, ತಪ್ಪು ಹಿಂದೆ ಟ್ಯಾಂಕ್ ಕಡೆಯದು. ಆಗಲೂ ಬರದಿದ್ದರೆ ಪಂಪೇ ಹೋಗಿದೆ. ಎಂಜಿನ್ ಆಯಿಲ್ ಕಡ್ಡಿಯನ್ನೂ ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದರೆ ಪಂಪಿನ ಪೊರೆ ಹರಿದಿರಬಹುದು.

ತಪ್ಪು ಟ್ಯಾಂಕ್ ಕಡೆಯದಾದರೆ ಮೊದಲು ಟ್ಯಾಂಕ್ ಬದಲಿಸುವ ಸ್ವಿಚ್ ಒತ್ತಿ. ಗಾಡಿ ಕೆಳಗಿನ ವಾಲ್ವ್ ಟಕ್ ಅನ್ನಬೇಕು. ಒಂದು ಟ್ಯಾಂಕಿನಲ್ಲಿ ಓಡಿ ಇನ್ನೊಂದರಲ್ಲಿ ಸತ್ತರೆ ಹುಡುಕಾಟ ಅರ್ಧ ಮುಗಿಯಿತು.

ಬಿಸಿಯಾದಾಗ ಮಾತ್ರ ಕೈಕೊಟ್ಟರೆ ಅದು ಹೆಚ್ಚಾಗಿ ವೇಪರ್ ಲಾಕ್. ಕ್ಯಾಲಿಫೋರ್ನಿಯಾದಲ್ಲಿ ಬೇಕರ್ಸ್‌ಫೀಲ್ಡ್ ಕಡೆಯಿಂದ ಗ್ರೇಪ್‌ವೈನ್ ಎಂಬ ಘಾಟಿಯ ಏರು ಹತ್ತಿ, ಜುಲೈ ಬಿಸಿಲಲ್ಲಿ ಕಾಫಿಗೆ ಇಪ್ಪತ್ತು ನಿಮಿಷ ನಿಲ್ಲಿಸಿದೆ. ಪೈಪಿನೊಳಗೆ ಪೆಟ್ರೋಲ್ ಕುದಿದು ಆವಿಯಾಯಿತು, ಪಂಪ್ ಆವಿಯನ್ನು ಎಳೆಯಲಾರದೆ ಸೋತಿತು. ಮುಚ್ಚಳ ತೆಗೆದು ಮುಕ್ಕಾಲು ಗಂಟೆ ಚಿತ್ರಾನ್ನ ತಿನ್ನುತ್ತಾ ಕೂತೆವು, ತಣ್ಣಗಾದ ಮೇಲೆ ಹತ್ತಿಕೊಂಡಿತು. ಶಾಶ್ವತ ಪರಿಹಾರ ಬೇಕೆಂದರೆ ಟ್ಯಾಂಕಿನ ಹತ್ತಿರ ಎಲೆಕ್ಟ್ರಿಕ್ ಪಂಪ್ ಹಾಕಿಸಿ. ಹೀರುವುದಕ್ಕಿಂತ ತಳ್ಳುವುದು ಸುಲಭ, ಒತ್ತಡದಲ್ಲಿರುವ ಪೆಟ್ರೋಲ್ ಬೇಗ ಕುದಿಯುವುದೂ ಇಲ್ಲ. ಆದರೆ ಹೋಸ್‌ಗಳನ್ನೆಲ್ಲ ಮೊದಲು ಬದಲಿಸಿ, ಯಾಕೆಂದರೆ ಇಷ್ಟು ದಿನ ಗಾಳಿ ಎಳೆಯುತ್ತಿದ್ದ ಬಿರುಕಿನಿಂದ ಈಗ ಪೆಟ್ರೋಲ್ ಹೊರಗೆ ಚಿಮ್ಮುತ್ತದೆ. ಹೋಸ್ ಮೇಲೆ 30ಆರ್9 (30R9) ಅಥವಾ 30ಆರ್14 (30R14) ಎಂಬ ದರ್ಜೆ ಅಚ್ಚಾಗಿರಲಿ. ಪಂಪಿನ ಕರೆಂಟು ಆಯಿಲ್ ಪ್ರೆಶರ್ ಸ್ವಿಚ್ ದಾಟಿಯೇ ಹೋಗಲಿ, ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು.

ಎಲ್ಲ ಮುಗಿದ ಮೇಲೆ ಎರಡೂ ಟ್ಯಾಂಕಿನಿಂದ ಹತ್ತತ್ತು ನಿಮಿಷ ಓಡಿಸಿ. ನಿಲ್ಲಿಸಿ, ತಣ್ಣಗಾದ ಮೇಲೆ ಕೆಳಗೆ ತೂರಿ ಪ್ರತಿ ಜಾಯಿಂಟಿಗೂ ಬಿಳಿ ಟಿಶ್ಯೂ ಒತ್ತಿ ನೋಡಿ. ಒದ್ದೆಯಾದ ಕಡೆ ಕ್ಲ್ಯಾಂಪನ್ನು ಇನ್ನರ್ಧ ಸುತ್ತು ಬಿಗಿ ಮಾಡಿ.