ಪ್ಯಾಡ್ ತೂಗಿ ನೋಡಿದ ಮೇಲೆ

“ಎಪ್ಪತ್ತು ದಾಟಿದ ಮೇಲೆ ಮೂತ್ರ ಸೋರದಂತೆ ಹಿಡಿಯುವ ಆ ಸ್ನಾಯು ಎಲ್ಲಿ ಗಟ್ಟಿಯಾಗುತ್ತದೆ? ಪ್ಯಾಡ್ ಹಾಕಿಕೊಂಡು ಸುಮ್ಮನಿರು” ಎಂದವಳು ನನ್ನ ಅಕ್ಕ. ಮಗನೂ ಅದನ್ನೇ ಸುತ್ತಿಬಳಸಿ ಹೇಳಿದ. ಈಗ ಅಕ್ಕನೇ ಫೋನ್ ಮಾಡಿ “ಹೇಗೆ ಮಾಡಿದೆ, ಹೇಳೇ” ಎನ್ನುತ್ತಾಳೆ.

ಕೆಗೆಲ್ ವ್ಯಾಯಾಮ, ಅಂದರೆ ಆ ಸ್ನಾಯುವನ್ನು ಮೇಲಕ್ಕೆ ಎಳೆದು ಬಿಗಿದು ಬಿಡುವುದು; ಅದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ಓದುತ್ತಿರುವವರೆಲ್ಲ ಒಮ್ಮೆಯಾದರೂ ಶುರು ಮಾಡಿ ಬಿಟ್ಟವರೇ ಇರಬೇಕು. ನಾನು ಮೂರು ಸಲ ಬಿಟ್ಟೆ. ಮೊದಲ ಸಲವಂತೂ ಏಳೆಂಟು ತಿಂಗಳು ಶ್ರದ್ಧೆಯಿಂದ ಮಾಡಿದೆ. ಕೆಮ್ಮಿದರೆ ಸೋರುವುದು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಕೊನೆಗೆ ಫಿಸಿಯೋಥೆರಪಿಸ್ಟ್ ಪರೀಕ್ಷಿಸಿ, “ನೀವು ಮೇಲಕ್ಕೆ ಎಳೆಯುತ್ತಿಲ್ಲ, ಮಲಬದ್ಧತೆಯಲ್ಲಿ ತಿಣುಕುವಂತೆ ಕೆಳಕ್ಕೆ ನೂಕುತ್ತಿದ್ದೀರಿ” ಎಂದರು. ಜೊತೆಗೆ ಉಸಿರು ಬೇರೆ ಕಟ್ಟುತ್ತಿದ್ದೆನಂತೆ.

ಅದಕ್ಕೂ ಮೊದಲು ದುಡ್ಡು ಸುರಿದದ್ದಿದೆ. ಒಳಗಿಟ್ಟು ಬಿಗಿದರೆ ಮೊಬೈಲಿನಲ್ಲಿ ಗೆರೆ ಏರುವ ಯಂತ್ರವೊಂದನ್ನು ಕೊಂಡಿದ್ದೆ, ಸುಮಾರು ನಾಲ್ಕು ತಿಂಗಳ ಪ್ಯಾಡಿನ ಖರ್ಚು. ಗೆರೆ ಜೋರಾಗಿಯೇ ಏರುತ್ತಿತ್ತು. ಕೆಳಕ್ಕೆ ನೂಕಿದರೂ ಅದು ಏರುತ್ತದೆ ಎಂದು ತಿಳಿದದ್ದು ಆಮೇಲೆ! ಫಿಸಿಯೋಥೆರಪಿಸ್ಟ್ ಬಳಿ ಎರಡು ಸಲ ಹೋಗಿದ್ದಕ್ಕೆ ಅದರ ಅರ್ಧದಷ್ಟೂ ಆಗಲಿಲ್ಲ.

ಹೊಸದಾಗಿ ಶುರು ಮಾಡಿದಾಗ ಗಟ್ಟಿ ಕುರ್ಚಿಯ ಮೇಲೆ ಟವೆಲನ್ನು ಸುರುಳಿ ಸುತ್ತಿ ಅದರ ಮೇಲೆ ಕುಳಿತೆ. ಸರಿಯಾಗಿ ಎಳೆದರೆ ಆ ಜಾಗ ಟವೆಲಿನಿಂದ ಮೇಲೆದ್ದಂತೆ ಅನಿಸುತ್ತದೆ, ನೂಕಿದರೆ ಒತ್ತುತ್ತದೆ. ಮೊದಲು ಮೂರು ಸೆಕೆಂಡ್ ಹಿಡಿಯುವುದೇ ಕಷ್ಟವಾಗಿತ್ತು. ನಾಲ್ಕನೆಯ ತಿಂಗಳಿಗೆ ಹತ್ತಕ್ಕೆ ಬಂದೆ. ಎಂಟು ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಕೊನೆಗೆ ಒಂದಿಷ್ಟು ಸಲ ಚುರುಕಾಗಿ ಬಿಗಿದು ಬಿಡುವುದು. ಬಾಯಿಬಿಟ್ಟು ಎಣಿಸಿದೆ, ಎಣಿಸುವಾಗ ಉಸಿರು ಕಟ್ಟಲು ಆಗುವುದಿಲ್ಲ.

ತೂಗಿದ ಕಥೆ ಹೇಳಿದರೆ ನಗುತ್ತೀರಿ. ಬಳಸಿದ ಪ್ಯಾಡುಗಳನ್ನು ಚೀಲದಲ್ಲಿ ಕಟ್ಟಿ ಅಡುಗೆಮನೆಯ ತಕ್ಕಡಿಗೆ ಹಾಕುತ್ತಿದ್ದೆ. ಒಣ ಪ್ಯಾಡಿನ ತೂಕ ಕಳೆದರೆ ಮೊದಲ ವಾರ ದಿನಕ್ಕೆ ಐವತ್ತು ಗ್ರಾಂ ಆಸುಪಾಸು. ಆರು ವಾರ ಮುಳ್ಳು ಕದಲಲಿಲ್ಲ, ಹಿಂದೆ ಎರಡನೆಯ, ಮೂರನೆಯ ಸಲ ನಾನು ಕೈಬಿಟ್ಟದ್ದು ಅಲ್ಲಿಯೇ. ಐದನೆಯ ತಿಂಗಳಲ್ಲಿ ಆರೇಳು ಗ್ರಾಂ. ತಕ್ಕಡಿ ಇಲ್ಲದಿದ್ದರೆ ನಾನೇ ನಂಬುತ್ತಿರಲಿಲ್ಲ.

ನಡುವೆ ನೀರು ಕಡಿಮೆ ಮಾಡಿ ನೋಡಿದೆ. ಮೂತ್ರ ಗಾಢವಾಗಿ ಅವಸರ ಹೆಚ್ಚಿತು, ಮಲಬದ್ಧತೆಯೂ ಸೇರಿತು. ಒಂದೇ ವಾರಕ್ಕೆ ನಿಲ್ಲಿಸಿದೆ. ಸಂಜೆಯ ಚಹಾ ಬಿಟ್ಟದ್ದರಿಂದ ರಾತ್ರಿ ಮೂರು ಸಲ ಏಳುತ್ತಿದ್ದವಳು ಎರಡಕ್ಕೆ ಬಂದೆ, ಆದರೆ ಕೆಮ್ಮಿನ ಸೋರಿಕೆಗೆ ಅದರಿಂದ ಏನೂ ಆಗಲಿಲ್ಲ. ಅದಕ್ಕೆ ಕೆಲಸ ಮಾಡಿದ್ದು ಕೆಮ್ಮುವ ಕ್ಷಣಕ್ಕೆ ಮೊದಲೇ ಬಿಗಿಯುವ ರೂಢಿ. ಬೀಗಕ್ಕೆ ಕೀಲಿ ಹಾಕುವಾಗಲೇ ಬರುವ ಆ ಅವಸರಕ್ಕೆ ಓಡಬೇಡಿ: ನಿಂತಲ್ಲೇ ನಿಂತು ಐದಾರು ಸಲ ಚುರುಕಾಗಿ ಬಿಗಿದು ಬಿಟ್ಟು, ಆಮೇಲೆ ನಿಧಾನವಾಗಿ ನಡೆಯಿರಿ.

ತಗ್ಗಿನ ಸೋಫಾದಿಂದ ಏಳುವಾಗ ನಾನು ಮಾಡುವುದೊಂದಿದೆ. ಅದನ್ನು ಅಕ್ಕನಿಗೂ ಹೇಳಿಲ್ಲ, ಇನ್ನೂ ನಾಲ್ಕು ಸಲ ಕೇಳಲಿ. ಯಂತ್ರ ಬೀರುವಿನಲ್ಲಿದೆ. ತಕ್ಕಡಿಯನ್ನು ಚೆನ್ನಾಗಿ ತೊಳೆದು ಅಡುಗೆಮನೆಗೆ ವಾಪಸು ಇಟ್ಟಿದ್ದೇನೆ. ಸೊಸೆಗೆ ಈ ವಿಷಯ ಗೊತ್ತಿಲ್ಲ.