ನಾಕನೇ ಪೀಸ್: 315 ರೈಫಲ್ ಆರಿಸಿದ ನನ್ನ ಅನುಭವ

"ಎಲ್ಲಾ 315 ಒಂದ, ಫ್ಯಾಕ್ಟರಿ ಒಂದ, ಮಷೀನ್ ಒಂದ, ಕೈಗೆ ಬಂದದ್ದು ತೊಗೊಂಡು ಬಾರೋ" ಅಂತ ನಮ್ಮ ಕಾಕಾ ಅಂದಿದ್ರು, 315 ಅಂದ್ರ ನಳಗಿ ತೂತಿನ ಅಳತಿ, .315 ಇಂಚು. ಗುರಿ ಹೊಡಿಯೋ ರೇಂಜಿನ್ಯಾಗ ಜೋಡಿಲೆ ಹೊಡಿಯೋ ಮೂರ್ನಾಲ್ಕು ಮಂದೀನೂ ಹಂಗ ಅಂದ್ರು, ಒಬ್ಬಾತ ಅಂತೂ ನಾ ಅಂಗಡಿಗೆ ಹೊಂಟಾಗೆಲ್ಲಾ "ಇವತ್ತರೆ ಗಟ್ಟಿ ಆತೇನಪ್ಪಾ?" ಅಂತ ಎಲ್ಲರ ಮುಂದ ಕೇಳಿ ನಗತಿದ್ದ. ಹೋದ ತಿಂಗಳ 100 ಮೀಟರಿಗೆ ನನ್ನ ಐದೂ ಗುಂಡು ಚಹಾದ ಬಶಿಯೊಳಗ ಕೂಡೂವಂಗ ಬಿದ್ದ ಮ್ಯಾಲ ಆ ಪುಣ್ಯಾತ್ಮ ಪೇಪರ್ ಟಾರ್ಗೆಟ್ ಮಡಚಿ ಕಿಸೆದಾಗ ಹಾಕ್ಕೊಂಡು ಹೋದ, ಮಾತಿಲ್ಲ ಕತಿ ಇಲ್ಲ. ಅದಕ್ಕ ಬರಿಯಾಕತ್ತೇನಿ.

ಇದಕ್ಕ ಬ್ಯಾಟಿ ರೈಫಲ್ ಅನ್ನೋದು ನಮ್ಮಲ್ಲಿ ಹೆಸರಿಗಷ್ಟ. 1972ರ ವನ್ಯಜೀವಿ ಕಾಯ್ದೆ ಬಂತು, ಮುಂದ ಬ್ಯಾಟಿ ಪೂರಾ ಮುಗೀತು, ಆ ಮಾತು ಅಲ್ಲಿಗೇ ಬಿಡ್ರಿ. ನಮ್ಮ ಹೊಲ ಶಿರಹಟ್ಟಿ ಕಡೆ, ಕಪ್ಪತಗುಡ್ಡದ ಸೆರಗಿಗೆ. ಅಜ್ಜನ ಕಾಲದಿಂದ ಬೆಳಿ ರಕ್ಷಣೆ ಲೈಸೆನ್ಸ್ ಐತಿ, ಹಂಗಂತ ಗೋವಿನಜೋಳಕ್ಕ ಹಂದಿ ಬಂದ್ರ ನಮ್ಮಷ್ಟಕ್ಕ ನಾವು ಗುಂಡ ಹಾಕೂ ಹಂಗಿಲ್ಲ, ಗುಡ್ಡ 2019ರಾಗ ಅಭಯಾರಣ್ಯ ಆದ ಮ್ಯಾಲ ಅಂತೂ ಮಾತೇ ಬ್ಯಾಡ. ಅಭಯಾರಣ್ಯದಿಂದ 10 ಕಿಲೋಮೀಟರಿನೊಳಗ ಇರೋ ಲೈಸೆನ್ಸ್‌ದಾರರು ಅರಣ್ಯ ಇಲಾಖೆ ಕಡೆ ಬ್ಯಾರೆ ನೋಂದಣಿ ಮಾಡಿಸಬೇಕು, ಇದು ನಮ್ಮ ಕಡೆ ಭಾಳ ಮಂದಿಗೆ ಗೊತ್ತ ಇಲ್ಲ, ನನಗೂ ಒಂದು ಆಫೀಸಿಗೆ ಆರು ಸಲ ತಿರುಗಿದ ಮ್ಯಾಲ ಗೊತ್ತಾತು. ಹಂದಿಗೆ ನಾ ಹಳೀ ಸೀರಿ ಕಟ್ಟತೇನಿ, ರಾತ್ರಿ ಮಂಚಿಕಿ ಮ್ಯಾಲ ಡಬ್ಬಿ ಬಡೀತೇನಿ. ಒಂದ್ ವರ್ಷ ಕ್ಷೌರದ ಅಂಗಡಿಯಿಂದ ಎರಡ ಚೀಲ ಕೂದಲ ತಂದು ಬದುವಿನ ಗುಂಟ ಚೆಲ್ಲಿದ್ದೆ, ಎಂಟ ದಿನ ಹಂದಿ ಬರಲಿಲ್ಲ, ಒಂಬತ್ತನೇ ದಿನ ಮಳಿ ಆತು, ಹತ್ತನೇ ದಿನ ಬಂದು ಕೂದಲ ಸುದ್ದಾ ತುಳದು ಹೋದ್ವು. ರೈಫಲ್ ಬೇಕಾಗಿದ್ದು ಗುರಿ ಹೊಡಿಯೋ ಹುಚ್ಚಿಗೆ, ಖರೇ ಹೇಳತೇನಿ.

ಮೊದಲನೇ ರೈಫಲ್ ಕತಿ ಕೇಳ್ರಿ, ಅಲ್ಲೇ ನನ್ನ ರೊಕ್ಕ ಹೋತು. ಮನ್ಯಾಗ ಮೂರ ಆಯುಧ ಇದ್ವು, 2019ರ ಆಯುಧ ಕಾಯ್ದೆ ತಿದ್ದುಪಡಿ ಬಂದು ಒಬ್ಬರಿಗೆ ಎರಡ ಅಂತ ಆತು, ಅಜ್ಜನ ಮದ್ದಿನ ಬಂದೂಕು ಮತ್ತ ಇನ್ನೊಂದು ಹಳೀದು ಎರಡನ್ನೂ ಕೊಟ್ಟು 12 ಬೋರ್ ಬಂದೂಕು ಇಟ್ಟಕೊಂಡು ಖಾಲಿ ಆದ ಜಾಗಕ್ಕ 315 ತೊಗೋಬೇಕಂತ ಗಡಿಬಿಡಿಲೆ ಒಂದು ಅಂಗಡಿಗೆ ಹೋದೆ. ಅಂವ ಪೆಟ್ಟಗಿ ತಗದ, ಮ್ಯಾಲ ಇದ್ದ ಪೀಸ್ ಕೊಟ್ಟ, ಗ್ರೀಸ್ ಮೆತ್ತಿದ್ದ ಹಂಗ ಮನಿಗೆ ತಂದೆ. ಹತ್ತ ಇಂಚು ಗ್ರೂಪ್, ಅಂದ್ರ ಹೊಡದ ಗುಂಡು ಅಷ್ಟ ಅಗಲ ಚೆದರತಿದ್ವು, ಕೆಲವೊಮ್ಮೆ ಹನ್ನೆರಡು. ನಾನ ಛಲೋ ಹೊಡ್ಯಾಕ ಬರದವ ಅನಕೊಂಡು ಎರಡ ವರ್ಷ ಸುಮ್ಮನಿದ್ದೆ, ಉಸಿರು ಹಿಡಿಯೋದು, ಟ್ರಿಗರ್ ಒತ್ತೋದು ಎಲ್ಲಾ ಮೊದಲಿನಿಂದ ಕಲತೆ, ಗುರಿ ನೋಡೋ ಸೈಟ್ ಬದಲ ಮಾಡಿಸಿದೆ, ಸುಮಾರು ನೂರು ಗುಂಡು ಮಣ್ಣಿನ ಗುಡ್ಡಿಗೆ ತಿನಿಸಿದೆ, ಒಂದಕ್ಕ ನೂರಾ ಮೂವತ್ತೋ ನಲವತ್ತೋ ಇತ್ತು ಆವಾಗ. ಕಡೀಕೆ ರೇಂಜಿಗೆ ಬಂದಿದ್ದ ನಿವೃತ್ತ ಸುಬೇದಾರ್ ಸಾಹೇಬ್ರು ಬೋಲ್ಟ್, ಅಂದ್ರ ನಳಗಿ ಹಿಂದಿನ ಬಾಯಿ ಮುಚ್ಚೋ ಸರಳು, ತಗದು ನಳಗಿಯೊಳಗ ಒಂದ್ ಸಲ ನೋಡಿ "ತಮ್ಮಾ, ಇದರ ತುದಿ ನೋಡೀಯೇನು?" ಅಂದ್ರು. ತುದಿಯೊಳಗ ಒಂದು ಕಡೆ ಕೂದಲೆಳಿ ಅಷ್ಟ ಬರ್ರ್, ಅಂದ್ರ ಕಬ್ಬಿಣದ ಸಿಬರು, ಇತ್ತು. ಗುಂಡು ಹೊರಗ ಬರೂ ಕಡೀ ಗಳಿಗಿಗೆ ಒಂದು ಕಡೆ ಗ್ಯಾಸ್ ಮೊದಲ ತಪ್ಪಿಸಿಕೊಂಡ್ರ ಮುಗೀತಲ್ಲ, ಗುಂಡು ಸೊಟ್ಟ ಹೋಗತೈತಿ. ಮಾರಿದೆ. ಮೂವತ್ತು-ಮೂವತ್ತೈದ ಸಾವಿರ ಲುಕ್ಸಾನು, ಗುಂಡಿನ ಖರ್ಚು ಬ್ಯಾರೆ.

ನಡುವ ಒಂದ್ ಸಲ ಹಳೀ ಇಂಪೋರ್ಟೆಡ್ ಹುಚ್ಚೂ ಹತ್ತಿತ್ತು. ನಮ್ಮ ದೂರದ ಬೀಗರ ಕಡೆ ವಾಡೆದಾಗ ಇದ್ದ ಒಂದ್ ಮೌಸರ್ ರೈಫಲ್. ಬೋಲ್ಟ್ ಎಳದ್ರ ಬೆಣ್ಣಿಯೊಳಗ ಚಾಕು ಹಾಕಿದಂಗ, ಈಗಿನ ಮಾಲಿನ್ಯಾಗ ಆ ಕೆಲಸ ಕನಸಿನ್ಯಾಗೂ ಸಿಗಂಗಿಲ್ಲ. ಹೊರಗಿಂದ ಆಮದು ಬಂದ್ ಆಗಿ ಎಷ್ಟೋ ವರ್ಷ ಆತು, ಅದಕ್ಕ ಹಳೀ ಮಾಲಿಗೆ ಬಂಗಾರದ ರೇಟು, ಅವರು ಮೂರೂವರಿ ಲಕ್ಷ ಅಂದ್ರು, ನಾ ಎರಡ ಎಕರೆ ಮೆಣಸಿನಕಾಯಿ ದುಡ್ಡು ಇಟಗೊಂಡು ಕುಂತೆ. ಕಾಗದ ತಗದು ನೋಡಿದ್ರ ಲೈಸೆನ್ಸಿನ್ಯಾಗಿನ ನಂಬರು, ನಳಗಿ ಮ್ಯಾಲಿನ ನಂಬರು ಕೂಡವಲ್ವು. ಒಂದ್ ಅಂಕಿ ಫರಕ. ಯಾವ ಗುಮಾಸ್ತ ಯಾವ ಕಾಲಕ್ಕ ತಪ್ಪ ಬರದಿದ್ದನೋ. ಕೈ ಮುಗದು ಎದ್ದ ಬಂದೆ, ಮೆಣಸಿನಕಾಯಿ ದುಡ್ಡು ಉಳೀತು.

30-06 ಅನ್ನೋ ಇನ್ನೊಂದು ಅಳತಿ ರೈಫಲ್ ಯಾಕ ತೊಗೊಳ್ಳಿಲ್ಲ ಅಂತ ಎಲ್ಲಾರೂ ಕೇಳತಾರ. ಗೆಳ್ಯಾನದ್ದು ಹೊಡದು ನೋಡೇನಿ, ರೈಫಲಿಗೆ ಬೈಯ್ಯಂಗಿಲ್ಲ, ಗುಂಡು ಸಪಾಟ ಹೋಗತೈತಿ. ಆದ್ರ ನಮ್ಮ ಕಡೆ ಡೀಲರ್ ಹತ್ರ ಅದರ ಗುಂಡಿಗೆ ಹೋದ್ರ "ಮುಂದಿನ ವಾರ" ಅಂತಾರ, ಆ ಮುಂದಿನ ವಾರ ಬರೂದ ಇಲ್ಲ, ರೇಟೂ ಡಬಲ್. ಪುಣೆ ಕಡೆ ಖಡ್ಕಿ ಮದ್ದುಗುಂಡಿನ ಫ್ಯಾಕ್ಟರಿ ಕೆಎಫ್ ಮುದ್ರಿ ಇದ್ದ 315 ಗುಂಡು ಒಂದ್ ಅಂಗಡಿಯಾಗ ಇಲ್ಲ ಅಂದ್ರ ಇನ್ನೊಂದರಾಗ ಸಿಗತಾವು. ಹೊಡೀದಿದ್ರ ಕಲಿಯೋದೆಲ್ಲಿಂದ? ನಮ್ಮ ಕಾಕಾ 22 ಅನ್ನೋ ಸಣ್ಣ ರೈಫಲ್ ತೊಗೋ ಅಂದಿದ್ರು, ಅದೂ ಖರೇನ, ಪ್ರಾಕ್ಟೀಸಿಗೆ ಅದರಂಥಾದ್ದಿಲ್ಲ, ಆದ್ರ 100 ಮೀಟರಿಗೆ ಗಾಳಿ ಬಿಟ್ರ ಆ ಹಗರ ಗುಂಡು ಸರದು ಹೋಗತೈತಿ, ನಮ್ಮ ಗದಗಿನ ಗಾಳಿ ಗೊತ್ತಲ್ಲ, ವಿಂಡ್‌ಮಿಲ್ಲಿನವರು ಸುಮ್ಮನ ಬಂದು ಗುಡ್ಡದ ಮ್ಯಾಲ ಫ್ಯಾನ್ ಹಾಕ್ಯಾರೇನು?

ಇನ್ನ ಆರಿಸಿದ ಕತಿ. ನಮ್ಮ ಅಪ್ಪ ಹಾವೇರಿ ದನದ ಸಂತ್ಯಾಗ ಎತ್ತ ತೊಗೊಳ್ಳೋದು ನೋಡಿ ಬೆಳದಾವ ನಾ. ಅಪ್ಪ ಬಣ್ಣ ನೋಡತಿದ್ದಿಲ್ಲ, ಕೊಂಬು ನೋಡತಿದ್ದಿಲ್ಲ. ಬಾಯಿ ಬಿಡಿಸಿ ಹಲ್ಲು, ಗೊರಸು, ಬೆನ್ನ ಮ್ಯಾಲ ಅಂಗೈ ಹಾಕಿ ಚರ್ಮ ಹ್ಯಾಂಗ ಸರೀತೈತಿ, ಆಮ್ಯಾಲ ನಾಕ ಹೆಜ್ಜಿ ನಡಿಸೋದು, ಅದೂ ದಲ್ಲಾಳಿ ಕೈಯಾಗಿನ ಹಗ್ಗ ಬಿಡಿಸಿ. ಅದನ್ನ ಅಂಗಡ್ಯಾಗ ಮಾಡಿದ್ರ ತಪ್ಪೇನು ಅನಿಸ್ತು.

ತಪ್ಪು ಅಂತ ಅಂಗಡಿಯವ್ರಿಗೆ ಅನಿಸ್ತು. ಮೊದಲ ಸಲ "ಐದ ಪೀಸ್ ಬಿಚ್ಚಿ ತೋರಸ್ರಿ" ಅಂದಾಗ ನನ್ನ ಮಾರಿ ನೋಡಿ ಚಹಾ ಸುದ್ದಾ ಕೊಡಲಿಲ್ಲ. ಎರಡನೇ ಸಲ ಎರಡ ಪೀಸ್ ತೋರ್ಸಿದ್ರು, ಎರಡೂ ಬ್ಯಾಡ ಅಂದೆ. ಮೂರನೇ ಸಲ ಒಂದ ಕಿಲೋ ಧಾರವಾಡ ಪೇಡೆ ತೊಗೊಂಡು ಮುಂಜಾನಿ ಅಂಗಡಿ ತಗಿಯೋ ಹೊತ್ತಿಗೆ ಹೋದೆ, ಪೇಡೆ ಕೆಲಸ ಮಾಡ್ತು. ಮುಂಜಾನಿ ಯಾಕಂದ್ರ ಬೆಳಕು. ಟ್ಯೂಬ್‌ಲೈಟಿನ್ಯಾಗ ನಳಗಿ ನೋಡೋದು ಅಂದ್ರ ರಾತ್ರಿ ಸೀರಿ ಆರಿಸಿದಂಗ.

ಹುಡುಗನ ಕಡೆ ಪೂರಾ ಗ್ರೀಸ್ ಒರಸಿಸಿದೆ, ಇದು ಮೊದಲನೇದು, ಗ್ರೀಸ್ ಇದ್ರ ಎಲ್ಲಾ ನಳಗಿನೂ ಕನ್ನಡಿಯಂಗ ಕಾಣತಾವು. ಬೋಲ್ಟ್ ತಗದು ಬಾಗಲಾ ಕಡೆ ಹಿಡದು ಹಿಂದಿನಿಂದ ನೋಡಿದ್ರ ಒಳಗ ಬೆಳಕಿನ ಬಳಿ ಒಂದರೊಳಗ ಒಂದು ಕಾಣತಾವಲ್ಲ, ನೀರಿಗೆ ಕಲ್ಲ ಒಗದಂಗ, ಅವು ಎಲ್ಲಾ ದುಂಡಗ ಇರಬೇಕು. ಎರಡನೇ ಪೀಸಿನ್ಯಾಗ ನಡುವ ಒಂದ್ ಬಳಿ ತತ್ತಿ ಆಕಾರ ಆಗಿತ್ತು, ಅಲ್ಲೇ ಇಟ್ಟೆ. ತುದಿಗೆ ಹತ್ತಿ ತೊಗೊಂಡು ಒಳಗಿಂದ ಹೊರಗ ಎಳಿಯೋದು, ಎಲ್ಲಾ ಸುತ್ತ. ಹತ್ತಿ ಎಳಿ ಹಿಡದ್ರ ಬರ್ರ್ ಐತಿ ಅಂತ ಅರ್ಥ. ಮೊದಲನೇ ಪೀಸ್ ಹತ್ತಿ ಹಿಡೀತು, ನನಗ ಹಳೀ ಮೂವತ್ತೈದ ಸಾವಿರ ನೆನಪಾತು.

ಆಮ್ಯಾಲ ಕಾಡಿಗಿ. ಇದಕ್ಕ ಅಂಗಡ್ಯಾಗ ಎಲ್ಲಾರೂ ನಕ್ಕರು. ನಮ್ಮ ಅಕ್ಕನ ಮಗಳ ಕಾಡಿಗಿ ಡಬ್ಬಿ ಕಿಸೆದಾಗ ಇಟಗೊಂಡು ಹೋಗಿದ್ದೆ, ಬೋಲ್ಟಿನ ಲಾಕ್ ಆಗೋ ಎರಡೂ ಕಡೆ ತೆಳ್ಳಗ ಹಚ್ಚಿ, ಖಾಲಿ ರೈಫಲ್, ಮ್ಯಾಗಜಿನ್ ಹೊರಗ, ನಾಕ-ಐದ ಸಲ ಮುಚ್ಚಿ ತಗದು ನೋಡೋದು. ಎರಡೂ ಕಡೆ ಕಾಡಿಗಿ ಒಂದ ನಮೂನಿ ಅಳಿಸಿದ್ರ ಭಾರ ಸಮ ಕುಂದ್ರತೈತಿ. ಒಂದ ಕಡೆ ಅಳಿಸಿ ಇನ್ನೊಂದ ಕಡೆ ಹಚ್ಚಿದ್ದು ಹಚ್ಚಿದಂಗ ಇದ್ರ ಆ ಬೋಲ್ಟ್ ಒಂಟಿ ಕಾಲ ಮ್ಯಾಲ ನಿಂತೈತಿ ಅಂತ ಲೆಕ್ಕ. ಮೂರನೇದು ಒಂಟಿ ಕಾಲಿಂದು. ನಾಕನೇದು, ಯಪ್ಪಾ, ಎರಡೂ ಕಡೆ ಅಳತಿ ಹಿಡದು ಒರಸಿದಂಗ.

ನಾಕನೇದರ ಕಟಗಿ ಮ್ಯಾಲ ರೂಪಾಯಿ ಅಗಲದ ಕಪ್ಪ ಮಚ್ಚಿ ಇತ್ತು, ಭುಜಕ್ಕ ಆನಿಸೋ ಬಟ್ಟಿನ ಎಡಕ್ಕ. ಅಂಗಡಿ ಸಾವಕಾರ್ರು "ಅದು ಬ್ಯಾಡ್ರಿ, ಐದನೇದು ನೋಡ್ರಿ ಎಷ್ಟ ಚಂದ ಐತಿ" ಅಂತ ಅವರ ಬಾಯಿಲೇ ಅಂದ್ರು. ಮಚ್ಚಿ ತೋರಿಸಿ ಎರಡ ಸಾವಿರ ಬಿಡ್ರಿ ಅಂದೆ, ಬಿಡಲಿಲ್ಲ. ಟ್ರಿಗರಿಗೆ ಸಂತ್ಯಾಗ ತರಕಾರಿ ತೂಗೋ ಸ್ಪ್ರಿಂಗ್ ತಕ್ಕಡಿ ಹಾಕಿ ಎಳದೆ, ಎರಡೂವರಿ ಮೂರ ಕಿಲೋದೊಳಗ ಬಿಡ್ತು, ಭಾರ ಅನ್ರಿ, ಆದ್ರ ಎಲ್ಲಾ ಸಲ ಒಂದ ಕಡೆ ಬಿಡ್ತು, ನನಗ ಅದ ಬೇಕಾಗಿದ್ದು. ಕಣ್ಣ ಮುಚ್ಚಿ ಭುಜಕ್ಕ ಏರ್ಸಿ ಕಣ್ಣ ತಗದೆ, ಮುಂದಿನ ಸೈಟು ಹಿಂದಿನ ಸಂದಿನ್ಯಾಗ ಬಂದ ಕುಂತಿತ್ತು. ಎಲ್ಲಾ ಸೇರಿ, ಟ್ಯಾಕ್ಸ್ ಹಿಡದು, ಒಂದ ಲಕ್ಷದ ಮ್ಯಾಲ ಎಂಟೋ ಹತ್ತೋ ಸಾವಿರ. ಐದನೇದು ಅಂದದ ಪೀಸ್ ಆಮ್ಯಾಲ ನಮ್ಮ ರೇಂಜಿನ ಒಬ್ಬಾತ ತೊಗೊಂಡ, ಅವನ ಗ್ರೂಪ್ ಈಗೂ ಏಳ ಇಂಚು. ನಾ ಏನೂ ಅಂದಿಲ್ಲ ಅವನಿಗೆ.

ತೊಗೊಂಡ ಮ್ಯಾಲ ಆತೇನು, ಇಲ್ಲ. ಮೊದಲ ದಿನ ಆರ ಇಂಚು. ಕಾಕಾ "ನೋಡಿದ್ಯಾ?" ಅಂದ್ರು. ಹತ್ತ ರೂಪಾಯಿ ನೋಟು ನಳಗಿಗೂ ಮುಂದಿನ ಕಟಗಿಗೂ ನಡುವ ತೂರಿಸಿದ್ರ ಬಲಕ್ಕ ಅರ್ಧಾ ದಾರಿಗೆ ಸಿಕ್ಕೊಂಡು ನಿಲ್ಲತಿತ್ತು, ಅಂಗಡ್ಯಾಗ ಸರಳ ಹೋಗಿತ್ತು. ಅಂಗಡಿ ಅಂದ್ರ ಒಣಾ ಜಾಗಾ, ನಮ್ಮ ಮನ್ಯಾಗ ಜುಲೈ ತಿಂಗಳಿನ ಥಂಡಿ, ಕಟಗಿ ನೀರ ಕುಡದು ಉಬ್ಬಿ ನಳಗಿಗೆ ಹೆಗಲ ಕೊಟ್ಟಿತ್ತು. ಲೈಸೆನ್ಸ್ ಇದ್ದ ಒಬ್ಬ ಹಳೀ ಮಿಸ್ತ್ರಿ ಕಡೆ ಒಯ್ದೆ, ಅಂವ ಎಲ್ಲಿ ಎಷ್ಟ ಒರಸಿದ, ಎಲ್ಲಿ ಬೇಕಂತನ ಬಿಟ್ಟ, ಕಟಗಿಗೆ ಏನ ಎಣ್ಣಿ ಹಚ್ಚಿದ, ಅದನ್ನ ಇಲ್ಲಿ ಬರಿಯಂಗಿಲ್ಲ, ಅವನಿಗೆ ಮಾತ ಕೊಟ್ಟೇನಿ. ನಳಗಿಗೆ ಕಟಗಿ ಎಲ್ಲೂ ತಾಗದಂಗ ಪೂರಾ ಬಿಡಿಸೋದು ಸರಿ ಅನ್ನೋದು ಈ ನಮೂನಿ ರೈಫಲಿಗೆ ನಡಿಯಂಗಿಲ್ಲ, ಇಷ್ಟ ಹೇಳತೇನಿ. ಕೂಲಿ ಎರಡೂವರಿ ಸಾವಿರ, ಮ್ಯಾಲ ಊಟ.

ರೆಸ್ಟ್ ಚೀಲದ್ದೂ ಒಂದ್ ಪ್ರಯೋಗ ಆತು. ಉಸುಕು ತುಂಬಿದ್ರ ಕಲ್ಲಾಗತೈತಿ, ಜೋಳ ತುಂಬಿದ್ರ ಸರೀತೈತಿ, ಹುರಳಿ ಪರವಾಗಿಲ್ಲ. ಹಳೀ ಜೀನ್ಸ್ ಪ್ಯಾಂಟಿನ ಕಾಲ ಕತ್ತರಿಸಿ ಹೊಲದು ನವಣಿ ತುಂಬಿದೆ, ಮುಕ್ಕಾಲ ಭಾಗ ಅಷ್ಟ. ಕೈಲೆ ಒತ್ತಿದ್ರ ಹಂಗ ಕುಂತ ಬಿಡತೈತಿ, ಅಲುಗಾಡಂಗಿಲ್ಲ. ಎರಡ ತಿಂಗಳಿಗೆ ನುಸಿ ಬಿತ್ತು, ಅವ್ವ ಬೈದಳು, ಈಗ ಬಿಸಲಿಗೆ ಹಾಕಿ ಬೇವಿನ ಎಲಿ ಕೂಡಿಸಿ ತುಂಬತೇನಿ.

ಇನ್ನೊಂದು ಹುಚ್ಚು, ಗುಂಡು ತೂಗೋದು. ಗದಗಿನ್ಯಾಗ ಪತ್ತಾರ ಗೆಳ್ಯಾ ಅದಾನ, ಅವನ ಬಂಗಾರದ ಡಿಜಿಟಲ್ ತಕ್ಕಡಿ ಮ್ಯಾಲ ಇಪ್ಪತ್ತೈದ ಗುಂಡು ಒಂದೊಂದಾಗಿ ಇಟ್ಟು ಚೀಟಿ ಮ್ಯಾಲ ಬರದು ಹಗರು, ಭಾರ, ನಡುವಿನವು ಅಂತ ಮೂರ ಗುಂಪು ಮಾಡಿದ್ವಿ, ಗಿರಾಕಿ ಬಂದ್ರ ಲಗೂನ ಮುಚ್ಚಿಡೋದು, ಒಬ್ಬ ಹೆಣ್ಣಮಗಳು ಮೂಗುತಿ ತೂಗಸಾಕ ಬಂದಾಕಿ ಹೆದರಿ ಹೊರಗ ನಿಂತಳು. ಫಲ? ಏನೂ ಇಲ್ಲ. ತೂಕದ ಫರಕು ಹಿತ್ತಾಳಿದೋ ಗುಂಡಿಂದೋ ಮದ್ದಿಂದೋ ಹ್ಯಾಂಗ ಹೇಳತಿ. ಅದರಕಿಂತ ಒಂದ ಲಾಟಿನ, ಅಂದ್ರ ಫ್ಯಾಕ್ಟರ್ಯಾಗ ಒಂದ ಸಲಕ್ಕ ತಯಾರಾದ, ಡಬ್ಬಿ ಹಿಡಕೊಂಡು ಹೊಡಿಯೋದು ಮೇಲು, ಲಾಟ್ ಬದಲಾದ ದಿನ ನಂದು ಒಂದೂವರಿ ಇಂಚು ತೆಳಗ ಬಿತ್ತು. ಅದಕ್ಕ ಲೈಸೆನ್ಸ್ ಬುಕ್ಕಿನ್ಯಾಗ ಬರದಷ್ಟನ್ನ ಒಂದ ಸಲ, ಒಂದ ಲಾಟಿಂದ ತೊಗೊಂಡ ಬಿಡತೇನಿ.

ಮಿಸ್ತ್ರಿ ಕೆಲಸ, ನವಣಿ ಚೀಲ, ಒಂದ ಲಾಟು, ಇಷ್ಟಾದ ಮ್ಯಾಲ ಮೂರೂವರಿ ಇಂಚು, ಆಮ್ಯಾಲ ಮೂರು. ಒಂದ್ ಸಲ ಎರಡೂಕಾಲು ಇಂಚು ಬಂತು, ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ, ದೇವರು ಹೊಡದಿದ್ದು ಅದು. ಮೊದಲನೇ ಗುಂಡು, ಥಣ್ಣನ ನಳಗೀದು, ಯಾವಾಗೂ ಬಲಕ್ಕ ಒಂದ ಇಂಚು ಬೀಳತೈತಿ, ಅದನ್ನ ಬ್ಯಾರೆ ಬರಕೊಂತೇನಿ. ಸ್ಕೋಪ್ ಇಲ್ಲ, ಕಬ್ಬಿಣದ ಸೈಟ್, ನನಗ ಈಗ ನಲವತ್ತಾರು, ಚಾಳೀಸ ಬಂದೈತಿ.

ನಡುವ ಚುನಾವಣಿ ಬಂತು, ಹತ್ಯಾರ ಜಮಾ ಮಾಡ್ರಿ ಅಂದ್ರು. ಹಲಗಲಿ ಬೇಡರು 1857ರಾಗ ಹತ್ಯಾರ ಕೊಡಂಗಿಲ್ಲ ಅಂತ ಕುಂಪಣಿ ಸರಕಾರದ ಜೋಡಿ ಬಡದಾಡಿದ್ರು, ನಾವು ರಸೀದಿ ತೊಗೊಂಡು ಸ್ಟೇಷನ್ನಿನ್ಯಾಗ ಜಮಾ ಮಾಡಿ ಬಂದ್ವಿ. ಎಣ್ಣಿ ಹಚ್ಚಿ, ಬಟ್ಟಿ ಸುತ್ತಿ, ಬೂಟಿನ ಡಬ್ಬಿಯೊಳಗ ಬರೋ ಸಿಲಿಕಾ ಪುಡಿ ಪಾಕೀಟು ನಾಕ ಕಟ್ಟಿ ಕೊಟ್ಟಿದ್ದೆ, ಪೇದೆ "ಇದೇನ್ರೀ ಉಪ್ಪು?" ಅಂದ. ರಿಸಲ್ಟ್ ಆದ ಮ್ಯಾಲ ತಂದು ನೋಡಿದ್ರ ತುಕ್ಕು ಎಲ್ಲೂ ಇಲ್ಲ, ಆದ್ರ ಹತ್ತ ರೂಪಾಯಿ ನೋಟು ಮತ್ತ ಬಲಕ್ಕ ನಿಂತೈತಿ, ಗುಂಡು ಎಡಕ್ಕ ಎರಡ ಇಂಚು ಸರದಾವು. ಮಿಸ್ತ್ರಿಗೆ ಫೋನ್ ಹಚ್ಚಿದ್ದೆ, ಸೋಮವಾರ ಬಾ ಅಂದಾನ. ಕಾಕಾನೂ ಬರ್ತೇನಿ ಅಂದಾರ, ಅವರ ರೈಫಲೂ ಒಂದ್ ಸಲ ನೋಡಸಬೇಕಂತ.